ನೆರಳಿನ ಗಡಿಯಾರವೂ ನೀರಿನ ಪಾಳಿಯೂ

ಈ ಹೊತ್ತು ನಾನು ಬೀಜದ ಮಾತನ್ನಾಗಲಿ, ಗೊಬ್ಬರದ ಮಾತನ್ನಾಗಲಿ ಎತ್ತುವುದಿಲ್ಲ. ಹೊತ್ತಿನ ಮಾತನ್ನೇ ಆಡಬೇಕೆಂದು ಬಂದಿದ್ದೇನೆ. ನಮ್ಮ ಭಾಷೆಯಲ್ಲಿ ಹೊತ್ತು ಅಂದರೆ ವೇಳೆಯೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಮುಳುಗಿತು ಎನ್ನುತ್ತೇವೆ. ನಮ್ಮ ಹಿರಿಯರಿಗೆ ಸೂರ್ಯ ಬೇರೆ, ವೇಳೆ ಬೇರೆ ಆಗಿರಲಿಲ್ಲ.

“ಕಿಸೆಯೊಳಗ ಮೊಬೈಲ್ ಐತಿ, ಗ್ವಾಡಿ ಮ್ಯಾಲ ಗಡಿಯಾರ ಐತಿ. ನೆರಳು ನೋಡಿ ಹೊತ್ತು ಹೇಳೋ ಕಾಲ ಹೋತು ಬಿಡ್ರಿ ಸಾಹೇಬ್ರ” ಎಂದು ನೀವು ಅಂದೀರಿ. ಬಸ್ಸಿಗೆ ಹೋಗಲು, ಸಾಲಿಗೆ ಮಕ್ಕಳನ್ನು ಕಳಿಸಲು ಗಡಿಯಾರವೇ ಸರಿ. ಆದರೆ ನೀರು ಹಂಚಿಕೊಳ್ಳುವ ಕಡೆ ಗಡಿಯಾರವೊಂದನ್ನೇ ನಂಬಿದರೆ ಒಬ್ಬರಿಗೆ ಲಾಭ, ಒಬ್ಬರಿಗೆ ಲುಕ್ಸಾನು ಆಗುವುದುಂಟು. ಸೂರ್ಯನನ್ನೊಂದನ್ನೇ ನಂಬಿದರೂ ಹಾಗೆಯೇ. ಎಲ್ಲಿ ಯಾವುದನ್ನು ನಂಬಬೇಕು ಎಂಬುದೇ ಇಂದಿನ ಮಾತು.

ಒಂದೇ ಬಾವಿಗೆ ಇಬ್ಬರು ಮೂವರು ಪಾಲುದಾರರು ಇರುವುದು ನಮ್ಮ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಹೊಸದಲ್ಲ. ಅಪ್ಪನ ಕಾಲಕ್ಕೆ ಹೊಲ ಒಂದೇ ಇತ್ತು. ವಾಟ್ನಿ ಆದ ಮೇಲೆ ಹೊಲ ಹರಿದು ಹಂಚಿಹೋಯಿತು. ಬಾವಿಯನ್ನು ಹರಿಯಲು ಬರುವುದಿಲ್ಲ. ಹೊಲವನ್ನು ಗುಂಟೆಯ ಲೆಕ್ಕದಿಂದ ಹಂಚುತ್ತೇವೆ, ನೀರನ್ನು ಹೊತ್ತಿನ ಲೆಕ್ಕದಿಂದ ಹಂಚುತ್ತೇವೆ. ಗುಂಟೆಯ ಅಳತೆಯಲ್ಲಿ ಸಂಶಯ ಬಂದರೆ ಸರ್ವೇದವರನ್ನು ಕರೆಸಬಹುದು. ಹೊತ್ತಿನ ಅಳತೆಯಲ್ಲಿ ಸಂಶಯ ಬಂದರೆ ಯಾರನ್ನು ಕರೆಸುವುದು? ಅದನ್ನು ನಾವೇ ತಿಳಿದುಕೊಳ್ಳಬೇಕು.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. “ಹೊತ್ತು ಮೂಡಿದಾಗಿಂದ ಮುಳುಗೋತನಕ ನಿನ್ನ ಪಾಳಿ, ಮುಳುಗಿದಾಗಿಂದ ಮೂಡೋತನಕ ನನ್ನ ಪಾಳಿ” ಎಂಬ ಕರಾರು ನೀವು ಕೇಳಿದ್ದೀರಿ. ಮೇಲ್ನೋಟಕ್ಕೆ ಅರ್ಧ ಅರ್ಧ. ಆದರೆ ನಮ್ಮ ಭಾಗದಲ್ಲಿ ಜೂನ್ 21ರ ಆಸುಪಾಸು ಹಗಲು 13 ತಾಸು 6 ನಿಮಿಷ ಇರುತ್ತದೆ, ರಾತ್ರಿ 11 ತಾಸಿಗೂ ಕಮ್ಮಿ. ಡಿಸೆಂಬರ್ 21ರ ಆಸುಪಾಸು ಹಗಲು 11 ತಾಸು 9 ನಿಮಿಷಕ್ಕೆ ಇಳಿಯುತ್ತದೆ, ರಾತ್ರಿ 13 ತಾಸಿನ ಹತ್ತಿರ ಬರುತ್ತದೆ. ಕರೆಂಟಿನ ಪಂಪಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ತಾಸಿಗೆ ಎಷ್ಟು ನೀರು ಎತ್ತಬೇಕೋ ಅಷ್ಟನ್ನು ಎತ್ತುತ್ತದೆ. ಹೀಗಿರುವಾಗ ಹೊತ್ತು ಮೂಡುವುದನ್ನೂ ಮುಳುಗುವುದನ್ನೂ ಗಡಿಯಾಗಿಟ್ಟರೆ ಒಬ್ಬನ ಪಾಲು ಹಿಗ್ಗುತ್ತದೆ, ಒಬ್ಬನ ಪಾಲು ಕುಗ್ಗುತ್ತದೆ. ಆದ್ದರಿಂದ ಕರೆಂಟಿನ ಪಂಪಿದ್ದಲ್ಲಿ ಗಡಿಯಾರದ ತಾಸೇ ನ್ಯಾಯದ ಅಳತೆ. ಇದರಲ್ಲಿ ಎರಡು ಮಾತಿಲ್ಲ.

ಈಗ ಸೋಲಾರ್ ಪಂಪಿಗೆ ಬರೋಣ. ಕೇಂದ್ರ ಸರಕಾರದ ಕುಸುಮ್ ಯೋಜನೆ 2019ರಲ್ಲಿ ಬಂದ ಮೇಲೆ ಸೋಲಾರ್ ಪಂಪು ಎಂಬ ಮಾತು ಹಳ್ಳಿಗಳಲ್ಲಿ ಹೆಚ್ಚು ಕೇಳಿಬರುತ್ತಿದೆ. ಇಲ್ಲಿ ಲೆಕ್ಕವೇ ಬೇರೆ. ಸೋಲಾರ್ ಪಂಪಿಗೆ ಎಲ್ಲಾ ತಾಸೂ ಒಂದೇ ಅಲ್ಲ. ಮುಂಜಾನೆ ಎಂಟಕ್ಕೆ ಸಣ್ಣ ಧಾರೆ, ಸೂರ್ಯ ನೆತ್ತಿಗೆ ಬಂದಾಗ ದೊಡ್ಡ ಧಾರೆ, ಇಳಿಹೊತ್ತಿಗೆ ಮತ್ತೆ ಸಣ್ಣ ಧಾರೆ.

ಒಂದು ಉದಾಹರಣೆ ತಗೊಳ್ಳೋಣ. ಅಣ್ಣ ತಮ್ಮ ಇಬ್ಬರಿಗೆ ಸೇರಿ ಒಂದು ಸೋಲಾರ್ ಪಂಪು. “ಮುಂಜಾನೆಯಿಂದ ಹನ್ನೆರಡರ ತನಕ ತಮ್ಮಂದು, ಹನ್ನೆರಡರಿಂದ ಸಂಜಿತನಕ ಅಣ್ಣಂದು” ಎಂದು ಹಿರಿಯರ ಮುಂದೆ ಠರಾವಾಯಿತು. ಫೆಬ್ರವರಿ ಎರಡನೆಯ ವಾರ ನಿಪ್ಪಾಣಿಯಲ್ಲಿ ಹೊತ್ತು ಮೂಡುವುದು ಸುಮಾರು 7 ಗಂಟೆಗೆ, ಮುಳುಗುವುದು ಸುಮಾರು 6 ಗಂಟೆ 33 ನಿಮಿಷಕ್ಕೆ. ತಮ್ಮನಿಗೆ ಸಿಕ್ಕಿದ್ದು 5 ತಾಸು, ಅಣ್ಣನಿಗೆ ಆರೂವರೆ ತಾಸು. ಅಷ್ಟೇ ಅಲ್ಲ, ಧಾರೆ ದೊಡ್ಡದಾಗಿರುವ ನಡುಹೊತ್ತಿನ ತಾಸೆಲ್ಲ ಹೆಚ್ಚಾಗಿ ಅಣ್ಣನ ಪಾಲಿಗೇ ಬಂತು. ಅಣ್ಣ ಕದ್ದಿಲ್ಲ, ತಮ್ಮ ಮೋಸಹೋಗಿಲ್ಲ, ಇಬ್ಬರೂ ಮಾತಿಗೆ ತಪ್ಪಿಲ್ಲ. ಆದರೂ ತಮ್ಮನ ಕಬ್ಬು ಒಣಗಿತು, ಅಣ್ಣನ ಕಬ್ಬು ಹಸಿರಾಗಿ ನಿಂತಿತು. ಆಮೇಲೆ ಮನೆಯಲ್ಲಿ ಮಾತು ಬಿಟ್ಟವು. ಇದಕ್ಕೆ ಕಾರಣ ಏನು ಅಂದರೆ, ಗಡಿಯಾರದ ಹನ್ನೆರಡು ನಮ್ಮೂರ ಸೂರ್ಯನ ಹನ್ನೆರಡಲ್ಲ.

ಅದು ಹೇಗೆ ಎಂದು ಕೇಳಿರಿ. ಭೂಮಿ 24 ತಾಸಿಗೆ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ ಬಿತ್ತು. ಇಡೀ ಭಾರತದ ಗಡಿಯಾರಕ್ಕೆ ಆಧಾರ, ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯ್ದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖೆ. ನಮ್ಮ ನಿಪ್ಪಾಣಿ ಇರುವುದು ಸುಮಾರು 74.4 ಡಿಗ್ರಿಯ ಮೇಲೆ, ಪಶ್ಚಿಮಕ್ಕೆ ಎಂಟು ಡಿಗ್ರಿಗಿಂತ ತುಸು ಹೆಚ್ಚು ದೂರ. ಅಲ್ಲಿ ಸೂರ್ಯ ನೆತ್ತಿಯ ಗೆರೆ ದಾಟಿ ಸುಮಾರು ಮೂವತ್ತೆರಡೂವರೆ ನಿಮಿಷವಾದ ಮೇಲೆ ಇಲ್ಲಿ ದಾಟುತ್ತಾನೆ.

ಹಿಂದೆ ಊರೂರಿಗೆ ತನ್ನದೇ ಹನ್ನೆರಡು ಇತ್ತು. ರೈಲು ಬಂದ ಮೇಲೆ ಅದು ನಡೆಯಲಿಲ್ಲ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ವೇಳೆ ಎಂದಾಯಿತು. ಮುಂಬಯಿ ನಗರ ಮಾತ್ರ 39 ನಿಮಿಷ ಹಿಂದಿದ್ದ ತನ್ನ ಹಳೆಯ ವೇಳೆಯನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಒಂದೇ ವೇಳೆ ಆದದ್ದು ಒಳ್ಳೆಯದೇ. ಆದರೆ ಕಾಯಿದೆಯಿಂದ ಗಡಿಯಾರ ಬದಲಾಯಿತೇ ಹೊರತು ನಮ್ಮ ಹೊಲದ ಮೇಲೆ ಸೂರ್ಯ ಬರುವ ಹೊತ್ತು ಬದಲಾಗಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಈ ಮೂವತ್ತೆರಡೂವರೆ ನಿಮಿಷವೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರಾ ದುಂಡಗಿಲ್ಲ. ಜನವರಿ ಮೊದಲ ವಾರ ಸೂರ್ಯನಿಗೆ ಹತ್ತಿರವಿದ್ದು ಬೇಗ ಓಡುತ್ತದೆ. ಜುಲೈ ಮೊದಲ ವಾರ ದೂರವಿದ್ದು ನಿಧಾನ ನಡೆಯುತ್ತದೆ. ಅದರ ಮೇಲೆ ಭೂಮಿ ಓರೆಯಾಗಿ ನಿಂತು ತಿರುಗುತ್ತದೆ. ಈ ಎರಡರಿಂದ ಸೂರ್ಯನ ಹನ್ನೆರಡು ತಿಂಗಳಿಂದ ತಿಂಗಳಿಗೆ ಹಿಂದೆ ಮುಂದೆ ಸರಿಯುತ್ತದೆ. ನಿಪ್ಪಾಣಿಯಲ್ಲಿ ಸೂರ್ಯನ ಹನ್ನೆರಡು ಆಗುವಾಗ ಗಡಿಯಾರದಲ್ಲಿ ಎಷ್ಟಾಗಿರುತ್ತದೆ ಎಂಬುದನ್ನು ಪ್ರತಿ ತಿಂಗಳ 15ನೆಯ ತಾರೀಖಿಗೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿರಿ.

ಜನವರಿ: 12 ಗಂಟೆ 42 ನಿಮಿಷ
ಫೆಬ್ರವರಿ: 12 ಗಂಟೆ 47 ನಿಮಿಷ
ಮಾರ್ಚ್: 12 ಗಂಟೆ 42 ನಿಮಿಷ
ಏಪ್ರಿಲ್: 12 ಗಂಟೆ 33 ನಿಮಿಷ
ಮೇ: 12 ಗಂಟೆ 29 ನಿಮಿಷ
ಜೂನ್: 12 ಗಂಟೆ 33 ನಿಮಿಷ
ಜುಲೈ: 12 ಗಂಟೆ 38 ನಿಮಿಷ
ಆಗಸ್ಟ್: 12 ಗಂಟೆ 37 ನಿಮಿಷ
ಸೆಪ್ಟೆಂಬರ್: 12 ಗಂಟೆ 28 ನಿಮಿಷ
ಅಕ್ಟೋಬರ್: 12 ಗಂಟೆ 18 ನಿಮಿಷ
ನವೆಂಬರ್: 12 ಗಂಟೆ 17 ನಿಮಿಷ
ಡಿಸೆಂಬರ್: 12 ಗಂಟೆ 28 ನಿಮಿಷ

ಚಿಕ್ಕೋಡಿಯವರು ಇದರಲ್ಲಿ ಒಂದು ನಿಮಿಷ ಕಳೆಯಿರಿ, ರಾಯಬಾಗ ಕಾಗವಾಡದವರು ಒಂದೂವರೆ ನಿಮಿಷ, ಅಥಣಿಯವರು ಸುಮಾರು ಮೂರು ನಿಮಿಷ ಕಳೆಯಿರಿ. ಎರಡು ತಾರೀಖುಗಳ ನಡುವಿನ ದಿನಗಳಿಗೆ ಅಂದಾಜು ಮಾಡಿಕೊಂಡರೆ ಸಾಕು. ಇಬ್ಬರು ಪಾಲುದಾರರ ಸೋಲಾರ್ ಪಂಪಿನ ಪಾಳಿಯನ್ನು ಈ ನಿಮಿಷಕ್ಕೆ ಮುರಿದರೆ, ಮುಂಜಾನೆಯ ಬಿಸಿಲೂ ಇಳಿಹೊತ್ತಿನ ಬಿಸಿಲೂ ಸರಿಸಮ ಆಗುತ್ತವೆ. ಬೇಸಿಗೆಯ ಕೊನೆಗೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದುಂಟಲ್ಲ, ಅದಕ್ಕೂ ಒಂದು ಉಪಾಯ ಇಟ್ಟುಕೊಳ್ಳಿರಿ: ವಾರಕ್ಕೊಮ್ಮೆ ಪಾಳಿ ಅದಲು ಬದಲು ಮಾಡಿರಿ. ಪಾಲುದಾರರು ಮೂವರಿದ್ದರೆ ನಡುವಿನ ಪಾಳಿಯವನಿಗೆ ದೊಡ್ಡ ಧಾರೆ ಸಿಗುತ್ತದೆ. ಅಲ್ಲಿ ದಿನ ಬದಲಿಸುವುದೇ ಮೇಲು. ಒಂದು ದಿನ ಪೂರ್ತಿ ಒಬ್ಬನಿಗೆ.

“ಇಷ್ಟು ಲೆಕ್ಕ ಯಾರು ನೆನಪಿಡತಾರ್ರಿ?” ಎನ್ನುವವರಿಗೆ ನೆರಳಿನ ಗಡಿಯಾರವಿದೆ. ಇದನ್ನು ಗುಡಿಯ ಮುಂದಿನ ಬಯಲಿನಲ್ಲಿಯೋ, ಸಾಲಿಯ ಅಂಗಳದಲ್ಲಿಯೋ, ಬಾವಿಯ ದಂಡೆಯ ಮೇಲೆಯೋ ಮಾಡಿಡಬಹುದು. ಕೀಲಿ ಕೊಡುವುದಿಲ್ಲ, ಸೆಲ್ಲು ಹಾಕುವುದಿಲ್ಲ. ಮುಖ್ಯವಾಗಿ, ನಿನ್ನ ಗಡಿಯಾರ ಮುಂದೆ, ನನ್ನ ಗಡಿಯಾರ ಹಿಂದೆ ಎಂಬ ವಾದವಿಲ್ಲ. ನೆರಳು ಎಲ್ಲರ ಕಣ್ಣಿಗೂ ಒಂದೇ.

ನೆಟ್ಟಗೆ ಹುಗಿದ ಕೋಲಿನ ನೆರಳಿಗೆ ತಾಸಿನ ಗುರುತು ಹಾಕಿದರೆ ಆಗುವುದಿಲ್ಲ. ಸೂರ್ಯ ಡಿಸೆಂಬರಿನಲ್ಲಿ ತೆಂಕಣಕ್ಕೆ ಸರಿದು ಮೂಡುತ್ತಾನೆ, ಜೂನಿನಲ್ಲಿ ಬಡಗಣಕ್ಕೆ ಸರಿದು ಮೂಡುತ್ತಾನೆ. ಚಳಿಗಾಲದಲ್ಲಿ ಹಾಕಿದ ಒಂಬತ್ತರ ಗುರುತು ಮಳೆಗಾಲಕ್ಕೆ ಒಂಬತ್ತನ್ನು ತೋರಿಸುವುದಿಲ್ಲ. ಕೋಲನ್ನು ಓರೆಯಾಗಿ, ಧ್ರುವ ನಕ್ಷತ್ರದ ಕಡೆ ಮುಖ ಮಾಡಿ ನಿಲ್ಲಿಸಿದರೆ ಮಾತ್ರ ಗೆರೆಗಳು ವರ್ಷವಿಡೀ ನಿಲ್ಲುತ್ತವೆ. ಭೂಮಿ ತಿರುಗುವ ಅಚ್ಚಿಗೆ ಆ ಕೋಲು ಸಮಾನಾಂತರ ಆಗುವುದೇ ಇದರ ಮರ್ಮ. ಧ್ರುವ ನಮ್ಮಲ್ಲಿ ನೆಲದಿಂದ ಸುಮಾರು ಹದಿನಾರೂವರೆ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಜೈಪುರದಲ್ಲಿ ಮಹಾರಾಜ ಸವಾಯಿ ಜಯಸಿಂಗರು 18ನೆಯ ಶತಮಾನದಲ್ಲಿ ಕಟ್ಟಿಸಿದ ಸಾಮ್ರಾಟ ಯಂತ್ರವೂ ಇದೇ ಬಗೆಯದು. ಅದರ ಎತ್ತರ ಸುಮಾರು 27 ಮೀಟರು; ಓರೆ 27 ಡಿಗ್ರಿ, ಯಾಕೆಂದರೆ ಜೈಪುರ ಉತ್ತರಕ್ಕಿದೆ. ನಮಗೆ ಅಷ್ಟು ದೊಡ್ಡದು ಬೇಡ, ಒಂದು ಗಜದ ಕಂಬಿ ಸಾಕು.

ಮಾಡುವ ರೀತಿ ಹೇಳುತ್ತೇನೆ. ದಿನವಿಡೀ ಮರದ ನೆರಳು ಬೀಳದ ಜಾಗ ನೋಡಿ, ಸಿಮೆಂಟಿನ ಸಮತಟ್ಟು ಕಟ್ಟೆ ಹಾಕಿಸಿರಿ. ನೀರು ಚೆಲ್ಲಿದರೆ ಯಾವ ಕಡೆಗೂ ಹರಿಯಬಾರದು. ಆಮೇಲೆ ಉತ್ತರ ದಿಕ್ಕು ಹಿಡಿಯಬೇಕು. ಇದಕ್ಕೆ ಚಳಿಗಾಲ ಅನುಕೂಲ. ಮೂರು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ನಾಲ್ಕು ಅಡಿ ಹಗ್ಗ ಹಿಡಿದು ಸುತ್ತಲೂ ದುಂಡು ಗೆರೆ ಎಳೆಯಿರಿ. ಮುಂಜಾನೆ ಹತ್ತರ ಸುಮಾರಿಗೆ ನೆರಳಿನ ತುದಿ ಕುಗ್ಗುತ್ತ ಬಂದು ಗೆರೆಯನ್ನು ಮುಟ್ಟುತ್ತದೆ, ಅಲ್ಲಿ ಗುರುತು ಮಾಡಿರಿ. ಇಳಿಹೊತ್ತು ಮೂರರ ಸುಮಾರಿಗೆ ನೆರಳು ಬೆಳೆದು ಮತ್ತೆ ಗೆರೆಯನ್ನು ಮುಟ್ಟುತ್ತದೆ, ಅಲ್ಲಿಯೂ ಗುರುತು ಮಾಡಿರಿ. ಎರಡು ಗುರುತುಗಳನ್ನು ಕೂಡಿಸಿದರೆ ಪೂರ್ವ ಪಶ್ಚಿಮ. ಅದರ ನಟ್ಟನಡುವಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆ ಉತ್ತರ ದಕ್ಷಿಣ. ನಮ್ಮ ಹಿಂದಿನ ಜ್ಯೋತಿಷಿಗಳು ಶಂಕು ಎಂಬ ಕಡ್ಡಿಯನ್ನು ನೆಟ್ಟು ದಿಕ್ಕು ಸಾಧಿಸುತ್ತಿದ್ದ ರೀತಿಯೂ ಇದೇ. ಸರಿಬಂತೋ ಇಲ್ಲವೋ ಎಂದು ನೋಡಬೇಕಾದರೆ, ಮೇಲೆ ಹೇಳಿದ ಪಟ್ಟಿಯ ನಿಮಿಷಕ್ಕೆ ಸರಿಯಾಗಿ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿರಿ; ದಾರದ ನೆರಳು ಆ ಗೆರೆಗೆ ಹೊಂದಿಕೊಂಡು ಬೀಳಬೇಕು.

ಈಗ ಉತ್ತರ ದಕ್ಷಿಣ ಗೆರೆಯ ತೆಂಕಣ ತುದಿಯಲ್ಲಿ ಕಬ್ಬಿಣದ ಕಂಬಿಯ ಬುಡ ಇಡಿರಿ. ಅಲ್ಲಿಂದ ಉತ್ತರಕ್ಕೆ 34 ಇಂಚು ಅಳೆದು, ಆ ಜಾಗದಲ್ಲಿ ಕಂಬಿ ನೆಲದಿಂದ 10 ಇಂಚು ಮೇಲಿರುವಂತೆ ಆನಿಕೆ ಕೊಡಿರಿ. ಇದೇ ನಮ್ಮ ಹದಿನಾರೂವರೆ ಡಿಗ್ರಿ. ಆ 34 ಇಂಚಿನ ಗುರುತಿನಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಅಡ್ಡ ಗೆರೆ ಎಳೆದು, ಎರಡೂ ಕಡೆ 2.6 ಇಂಚು, 5.5 ಇಂಚು, 9.6 ಇಂಚು, 16.6 ಇಂಚು, 35.8 ಇಂಚಿಗೆ ಗುರುತು ಹಾಕಿರಿ. ಕಂಬಿಯ ಬುಡದಿಂದ ಈ ಗುರುತುಗಳಿಗೆ ಎಳೆದ ಗೆರೆಗಳೇ ತಾಸಿನ ಗೆರೆಗಳು. ನಡುಗೆರೆ ಹನ್ನೆರಡು. ಅದರಿಂದ ಪಶ್ಚಿಮಕ್ಕೆ ಕ್ರಮವಾಗಿ 11, 10, 9, 8, 7. ಪೂರ್ವಕ್ಕೆ 1, 2, 3, 4, 5. ಬುಡದಿಂದ ನೇರ ಪೂರ್ವ ಪಶ್ಚಿಮಕ್ಕೆ ಎಳೆದದ್ದು ಆರರ ಗೆರೆ. ಕಂಬಿಯ ನೆರಳು ಯಾವ ಗೆರೆಯ ಮೇಲೆ ಬಿದ್ದಿದೆಯೋ ಅದು ಸೂರ್ಯನ ತಾಸು. ಗಡಿಯಾರದ ವೇಳೆ ಬೇಕಾದರೆ ಆ ತಿಂಗಳ ಪಟ್ಟಿಯಲ್ಲಿ ಹನ್ನೆರಡರ ಮೇಲಿರುವ ನಿಮಿಷಗಳನ್ನು ಕೂಡಿಸಿರಿ. ಜನವರಿ 15ಕ್ಕೆ ನೆರಳು ಒಂಬತ್ತರ ಮೇಲಿದ್ದರೆ ಗಡಿಯಾರ 9 ಗಂಟೆ 42 ನಿಮಿಷ.

ಈ ಕಂಬಿಯಿಂದ ಇನ್ನೊಂದು ಪಾಠವೂ ಇದೆ. ಸೋಲಾರ್ ಹಲಗೆಯನ್ನು ಅಲುಗಾಡದಂತೆ ಒಂದೇ ಕಡೆ ಕೂರಿಸುವುದಾದರೆ, ಅದರ ಮುಖ ದಕ್ಷಿಣಕ್ಕಿದ್ದು ಇಳಿಜಾರು ಸುಮಾರು ಇಷ್ಟೇ ಇರುವುದು ವರ್ಷವಿಡೀ ಅನುಕೂಲ. ಹಲಗೆ ಕಂಬಿಯ ಓರೆಗೆ ಹೊಂದಿದೆಯೇ ಎಂದು ಕಣ್ಣಳತೆಯಿಂದಲೇ ನೋಡಬಹುದು.

ಮೇ 6ರ ಆಸುಪಾಸು ಮತ್ತು ಆಗಸ್ಟ್ 7ರ ಆಸುಪಾಸು ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆ ದಿನ ಸೂರ್ಯನ ಹನ್ನೆರಡಕ್ಕೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲೆಲ್ಲ ಉತ್ತರಕ್ಕೆ. ಮಕ್ಕಳಿಗೆ ತೋರಿಸಿರಿ, ಅವರು ಮರೆಯುವುದಿಲ್ಲ. ಆದರೆ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು, ಕಣ್ಣಿಗೆ ಕೇಡು. ನೆರಳನ್ನು ಮಾತ್ರ ನೋಡಬೇಕು.

ರಾತ್ರಿಯ ಪಾಳಿಗೆ ನೆರಳಿಲ್ಲ, ಚಂದ್ರನಿದ್ದಾನೆ. ಹುಣ್ಣಿಮೆಯ ದಿನ ಹೊತ್ತು ಮುಳುಗುವಾಗ ಚಂದ್ರ ಮೂಡುತ್ತಾನೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು ಎರಡು ಗಳಿಗೆ ತಡ. ಗಳಿಗೆ ಅಂದರೆ 24 ನಿಮಿಷ, ಎರಡೂವರೆ ಗಳಿಗೆಗೆ ಒಂದು ತಾಸು. ಸಂಕಷ್ಟಿ ಉಪವಾಸ ಮಾಡುವ ತಾಯಂದಿರಿಗೆ ಇದು ಗೊತ್ತೇ ಇದೆ: ಹುಣ್ಣಿಮೆಯಿಂದ ನಾಲ್ಕನೆಯ ದಿನ ಚಂದ್ರನನ್ನು ನೋಡಿ ಊಟ ಮಾಡಬೇಕಾದರೆ ರಾತ್ರಿ ಒಂಬತ್ತೂವರೆಯ ಆಸುಪಾಸು ಆಗುತ್ತದೆ. ಬಹುಳ ಅಷ್ಟಮಿಗೆ ನಡುರಾತ್ರಿ. ಶುಕ್ಲ ಪಕ್ಷದಲ್ಲಿ ಇದು ತಿರುಗುಮುರುಗು: ಅಷ್ಟಮಿಯ ಅರ್ಧ ಚಂದ್ರ ಸಂಜೆಗೆ ನೆತ್ತಿಯ ಹತ್ತಿರ ಇದ್ದು ನಡುರಾತ್ರಿಗೆ ಮುಳುಗುತ್ತಾನೆ.

ಈ ಲೆಕ್ಕ ಅಂದಾಜಿನದು, ಅರ್ಧ ತಾಸು ಆಚೀಚೆ ಆಗುವುದುಂಟು. ಯಾವ ರಾತ್ರಿ ಯಾವ ಹೊತ್ತಿಗೆ ಬೆಳದಿಂಗಳು ಸಿಗುತ್ತದೆ, ಯಾವ ಹೊತ್ತಿಗೆ ಕತ್ತಲು ಎಂದು ತಿಳಿಯಲು ಇಷ್ಟು ಸಾಕು. ಕತ್ತಲ ಪಾಳಿ ಇದ್ದಾಗ ಬ್ಯಾಟರಿ ಹಿಡಿದು, ಕಾಲಿಗೆ ಬೂಟು ಹಾಕಿಕೊಂಡೇ ಕಬ್ಬಿನೊಳಗೆ ಇಳಿಯಿರಿ. ಹಾವಿಗೆ ನಮ್ಮ ಪಾಳಿ ಗೊತ್ತಿಲ್ಲ. ಆದರೆ “ಚಂದ್ರ ಮೂಡೋತನಕ ನೀರು ನಿಂದು” ಎಂದು ಕರಾರು ಮಾತ್ರ ಮಾಡಬೇಡಿರಿ. ಇಂದಿಗಿಂತ ನಾಳೆ ಎರಡು ಗಳಿಗೆ ಹೆಚ್ಚು, ನಾಡಿದ್ದು ನಾಲ್ಕು ಗಳಿಗೆ ಹೆಚ್ಚು. ವಾರ ಕಳೆಯುವುದರೊಳಗೆ ಐದು ತಾಸಿನ ಮೇಲೆ ಅಂತರ ಬೀಳುತ್ತದೆ. ಮೊದಲೆಲ್ಲ ಮದುವೆಯ ಮುಹೂರ್ತಕ್ಕೆ ತೂತಿನ ತಾಮ್ರದ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ಮುಳುಗಿದರೆ ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಅಂದರೆ ಸರಿಯಾದ ಅಳತೆ ಬೇಕಾದ ಕಡೆ ಹಿಂದಿನವರೂ ಬರೀ ಚಂದ್ರನನ್ನು ನಂಬಿ ಕೂತಿರಲಿಲ್ಲ.

ಬಂಧುಗಳೇ, ಇಷ್ಟು ಹೇಳಿದ್ದರಲ್ಲಿ ಮೂರು ಮಾತು ಮನಸ್ಸಿನಲ್ಲಿಡಿರಿ. ಕರೆಂಟಿನ ಪಂಪಿದ್ದರೆ ಪಾಳಿಗೆ ಗಡಿಯಾರದ ತಾಸು. ಹೊತ್ತು ಮೂಡುವುದು ಮುಳುಗುವುದು ಗಡಿಯಾಗಬಾರದು. ಸೋಲಾರ್ ಪಂಪಿದ್ದರೆ ಸೂರ್ಯನ ಹನ್ನೆರಡು. ಗಡಿಯಾರದ ಹನ್ನೆರಡು ಗಡಿಯಾಗಬಾರದು. ಚಂದ್ರನ ಬೆಳಕಿನಲ್ಲಿ ನೀರು ಹಾಯಿಸಿರಿ, ಚಂದ್ರನ ಲೆಕ್ಕದಿಂದ ನೀರು ಹಂಚಬೇಡಿರಿ.

ಹಿರಿಯರು ಹಾಕಿಕೊಟ್ಟ ಕರಾರು ಇದ್ದರೆ, ಅದನ್ನು ಒಬ್ಬರೇ ಮುರಿಯಲು ಹೋಗಬೇಡಿರಿ. ಪಾಲುದಾರರೆಲ್ಲ ಒಂದು ದಿನ ಬಾವಿಯ ದಂಡೆಗೆ ಕೂಡಿ, ನೆರಳನ್ನು ಎಲ್ಲರೂ ಕಣ್ಣಾರೆ ನೋಡಿ, ಹೊಸ ಲೆಕ್ಕವನ್ನು ಎಲ್ಲರ ಒಪ್ಪಿಗೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ನೀರು ಕಮ್ಮಿ ಬಿದ್ದರೆ ಒಂದು ಬೆಳೆ ಹೋದೀತು, ಮುಂದಿನ ಹಂಗಾಮಿಗೆ ಮತ್ತೆ ಬೆಳೆಯಬಹುದು. ಅಣ್ಣ ತಮ್ಮಂದಿರ ನಡುವೆ ಸಂಶಯ ಬಿದ್ದರೆ ಅದನ್ನು ಕೀಳಲು ಬಹಳ ಹಂಗಾಮು ಬೇಕಾಗುತ್ತವೆ.

ನಿಮ್ಮೂರ ಸಾಲಿಯ ಗುರುಗಳನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಈ ಚಳಿಗಾಲದಲ್ಲಿಯೇ ಒಂದು ನೆರಳಿನ ಗಡಿಯಾರ ಮಾಡಿ ನೋಡಿರಿ. ಒಂದು ಕಂಬಿ, ಅರ್ಧ ಚೀಲ ಸಿಮೆಂಟು, ಒಂದು ದಿನದ ಬಿಸಿಲು, ಇಷ್ಟೇ ಖರ್ಚು.